ಮೋಸಿನ್ ತಗೊಳ್ತೀನಿ ಅನ್ನುವವರಿಗೆ

ಪ್ರತಿವರ್ಷ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ನನ್ನ ವಾಟ್ಸಾಪಿಗೆ ಒಂದೇ ಥರದ ಮೆಸೇಜುಗಳು ಬರೋಕೆ ಶುರುವಾಗುತ್ತವೆ. ಕಳಿಸುವವರು ಬೇರೆ ಬೇರೆ. ಒಬ್ಬ ಡೆಟ್ರಾಯಿಟ್ ಹತ್ತಿರ ಕಾರಿನ ಸಾಫ್ಟ್‌ವೇರ್ ಬರೀತಾನೆ, ಇನ್ನೊಬ್ಬ ಮಿನಿಯಾಪೊಲಿಸ್‌ನಲ್ಲಿ ಬ್ಯಾಂಕಿಂದು. ಪ್ರಶ್ನೆ ಮಾತ್ರ ಒಂದೇ. "ಗುರು, ಹಂಟಿಂಗ್ ಲೈಸೆನ್ಸ್ ಬಂತು. ಮೊದಲನೇ ರೈಫಲ್ ತಗೋಬೇಕು. ಒಂದು ಹಳೇ ಮೋಸಿನ್ ನೋಡಿಟ್ಟಿದೀನಿ, ವರ್ಲ್ಡ್ ವಾರ್ ಪೀಸು, 1942ರದ್ದು. ತಗೊಂಡುಬಿಡ್ಲಾ?"

ತಗೋಬೇಡ.

ಇಷ್ಟೇ ಹೇಳಿದರೆ ಯಾರೂ ಕೇಳಲ್ಲ. ಯೂಟ್ಯೂಬಿನಲ್ಲಿ ಗಡ್ಡ ಬಿಟ್ಟವನೊಬ್ಬ ಬೇರೇನೇ ಹೇಳಿರುತ್ತಾನೆ. ಅದಕ್ಕೇ ಒಂದು ಸಲ ಕೂತು ಪೂರ್ತಿ ಜಗಳ ಆಡಿ ಮುಗಿಸಿಬಿಡೋಣ ಅಂತ ಈ ಬರಹ. ನಿನ್ನ ಅರ್ಹತೆ ಏನಪ್ಪಾ ಅಂತ ಕೇಳಬಹುದು. ನಾನು ತೀರ್ಥಹಳ್ಳಿ ಕಡೆಯ ಹಳ್ಳಿಯವನು. ಮನೆಯಲ್ಲಿ ಬೆಳೆ ಕಾಯೋಕೆ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಇತ್ತು, ಈಗಲೂ ಇದೆ. ಬಿಇ ಮುಗಿಸಿ, ನಾಲ್ಕು ವರ್ಷ ಬೆಂಗಳೂರಲ್ಲಿ ಕೋಡ್ ಬರೆದು, ಈಗ ಎಂಟು ವರ್ಷದಿಂದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಐದು ಸೀಸನ್ ಜಿಂಕೆ ಬೇಟೆಗೆ ಹೋಗಿದ್ದೇನೆ. ಪರಿಣತನಲ್ಲ. ಆದರೆ ನನಗೆ ಮೆಸೇಜ್ ಮಾಡುವವರಿಗಿಂತ ಹೆಚ್ಚು ಹೊತ್ತು ಚಳಿಯಲ್ಲಿ ಮರದ ಮೇಲೆ ಕೂತಿದ್ದೇನೆ.

ಬೆಂಗಳೂರಲ್ಲಿ ಕೂತು ಓದುತ್ತಿರುವವರಿಗೆ ಮೊದಲು ಒಂದಿಷ್ಟು ಹಿನ್ನೆಲೆ. ಅಮೆರಿಕದಲ್ಲಿ ಸೇನೆಗಳ ಹಳೇ ರೈಫಲ್ಲುಗಳು ಸಾಮಾನ್ಯ ಜನರಿಗೆ ಮಾರಾಟಕ್ಕೆ ಸಿಗುತ್ತವೆ. ಇದಕ್ಕೆ ಸರ್ಪ್ಲಸ್ ಅಂತಾರೆ. ಜರ್ಮನಿಯ ಮೌಸರ್, ಬ್ರಿಟಿಷರ ಲೀ-ಎನ್‌ಫೀಲ್ಡ್, ಅಮೆರಿಕದ್ದೇ ಸ್ಪ್ರಿಂಗ್‌ಫೀಲ್ಡ್. ಇವೆಲ್ಲದರಲ್ಲಿ ಅತ್ಯಂತ ಜನಪ್ರಿಯ, ಯಾಕಂದ್ರೆ ಅತ್ಯಂತ ಅಗ್ಗ, ರಷ್ಯಾದ ಮೋಸಿನ್-ನಗಾಂತ್. 1891ರಲ್ಲಿ ಝಾರ್ ದೊರೆಯ ಸೇನೆಗೆ ಬಂದದ್ದು, 1930ರಲ್ಲಿ ಸ್ವಲ್ಪ ತಿದ್ದಿದ್ದು, ಕೋಟಿಗಟ್ಟಲೆ ತಯಾರಾದದ್ದು. 'ಎನಿಮಿ ಅಟ್ ದಿ ಗೇಟ್ಸ್' ಸಿನಿಮಾದಲ್ಲಿ ಜೂಡ್ ಲಾ ಹಿಡಿದಿರುವುದು ಅದನ್ನೇ. ಯುದ್ಧ ಮುಗಿದ ಮೇಲೆ ಸೋವಿಯತ್ ಸರ್ಕಾರ ಅವನ್ನೆಲ್ಲ ರಿಪೇರಿ ಮಾಡಿ, ದಪ್ಪ ಗ್ರೀಸು ಮೆತ್ತಿ, ಮರದ ಪೆಟ್ಟಿಗೆಗಳಲ್ಲಿ ತುಂಬಿ ಗೋದಾಮುಗಳಲ್ಲಿ ಇಟ್ಟಿತ್ತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಪೆಟ್ಟಿಗೆಗಳು ಹಡಗು ಹತ್ತಿದವು.

ನಮ್ಮ ಹುಡುಗರು ಇದರ ಹಿಂದೆ ಬೀಳೋದಕ್ಕೆ ಒಂದು ವಿಚಿತ್ರ ಕಾರಣ ಇದೆ. ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಇಲ್ಲಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಅದಕ್ಕೊಂದು ವಿನಾಯ್ತಿ ಇದೆ: ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಇಟ್ಟುಕೊಳ್ಳಬಹುದು. ಹಾಗಾಗಿ ಎಷ್ಟೋ ಜನ ಬೇಟೆಯ ಆಸೆಯಿಂದಲ್ಲ, ಬಂದೂಕಿನ ಆಸೆಯಿಂದ ಬೇಟೆ ಲೈಸೆನ್ಸ್ ಮಾಡಿಸುತ್ತಾರೆ. ಆಮೇಲೆ ಅಗ್ಗದ ಒಂದು ರೈಫಲ್ ಹುಡುಕುತ್ತಾರೆ. ಆಮೇಲೆ, ಲೈಸೆನ್ಸ್ ಇದೆ ರೈಫಲ್ ಇದೆ, ಒಂದು ಸಲ ಜಿಂಕೆಗೆ ಹೋಗಿಬರೋಣ ಅನ್ನಿಸುತ್ತೆ. ನೋಡಿ, ಕ್ರಮವೇ ಉಲ್ಟಾ. ಮೊದಲು ಏನು ಹೊಡೀತೀನಿ, ಎಲ್ಲಿ, ಎಷ್ಟು ದೂರದಿಂದ ಅನ್ನೋದು ಗೊತ್ತಾಗಿ ಆಮೇಲೆ ರೈಫಲ್ ಬರಬೇಕು. ರಿಕ್ವೈರ್‌ಮೆಂಟ್ ಕೇಳದೆ ಸರ್ವರ್ ಖರೀದಿ ಮಾಡಿದ ಮ್ಯಾನೇಜರನ್ನು ನಾವೇ ಕ್ಯಾಂಟೀನಿನಲ್ಲಿ ಕೂತು ಬೈದಿರುತ್ತೇವೆ.

ಇನ್ನು ಅವರ ದೊಡ್ಡ ವಾದ, ಅಗ್ಗ ಅನ್ನೋದು. 2010ರ ಸುಮಾರಿಗೆ ಅದು ನಿಜವಾಗಿತ್ತು. ಆಗ ಮೋಸಿನ್ನಿಗೆ ನೂರು ಡಾಲರಿಗಿಂತ ಕಡಿಮೆ. 440 ತೋಟಾಗಳ ಸೀಲು ಮಾಡಿದ ತಗಡಿನ ಡಬ್ಬಿ ಅದಕ್ಕಿಂತಲೂ ಅಗ್ಗ. ಇಂಟರ್ನೆಟ್ಟಿನಲ್ಲಿ ಓಡಾಡುವ ಸಲಹೆಯೆಲ್ಲ ಆ ಕಾಲದ್ದು. ಬೆಲೆ ಬದಲಾಗಿದೆ, ಸಲಹೆ ಬದಲಾಗಿಲ್ಲ. ರಷ್ಯಾದ ಮೇಲೆ ನಿರ್ಬಂಧಗಳು ಬಂದವು. 2021ರಲ್ಲಿ ರಷ್ಯಾದ ಬಂದೂಕು ಮತ್ತು ತೋಟಾಗಳ ಆಮದಿಗೆ ಹೊಸ ಪರವಾನಗಿ ಕೊಡುವುದನ್ನೇ ಅಮೆರಿಕ ಸರ್ಕಾರ ನಿಲ್ಲಿಸಿತು. ಗೋದಾಮುಗಳೂ ಖಾಲಿಯಾಗುತ್ತಾ ಬಂದಿದ್ದವು. ಈಗ ನೆಟ್ಟಗಿರುವ ಮೋಸಿನ್ ಮುನ್ನೂರು-ನಾನೂರು ಡಾಲರಿಗೆ ಸಿಕ್ಕರೆ ಪುಣ್ಯ. ಅದೇ ನಾನೂರು-ಐನೂರಕ್ಕೆ ಟೆಲಿಸ್ಕೋಪ್ ಕೂರಿಸಿಯೇ ಕೊಡುವ ಹೊಚ್ಚ ಹೊಸ ಸಾವೇಜ್ ಆಕ್ಸಿಸ್ ಅಂಗಡಿಯಲ್ಲಿ ಸಿಗುತ್ತೆ. ಹಾಗಾದರೆ ಅಗ್ಗ ಎಲ್ಲಿ ಉಳಿಯಿತು?

"ಇಲ್ಲಿಯವರ ಅಜ್ಜಂದಿರೆಲ್ಲ ಸರ್ಪ್ಲಸ್ಸಿನಲ್ಲೇ ಬೇಟೆ ಕಲಿತದ್ದು" ಅಂತಾರೆ. ಕಲಿತರು, ಹೌದು. 1950-60ರ ದಶಕದಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಕೂಪನ್ ಕತ್ತರಿಸಿ ಕಳಿಸಿದರೆ ಯುದ್ಧದ ರೈಫಲ್ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಎಷ್ಟು ಅಗ್ಗ ಅಂದರೆ, 1963ರಲ್ಲಿ ಲೀ ಹಾರ್ವಿ ಆಸ್ವಾಲ್ಡ್ ಷಿಕಾಗೋದ ಅಂಗಡಿಯೊಂದರಿಂದ ಇಟಲಿಯ ಕಾರ್ಕಾನೋ ರೈಫಲ್ ತರಿಸಿಕೊಂಡದ್ದು ಟೆಲಿಸ್ಕೋಪ್ ಸಮೇತ 19.95 ಡಾಲರಿಗೆ. ಅಧ್ಯಕ್ಷ ಕೆನಡಿ ಕೊಲೆಯಾದ ಮೇಲೆ ಚರ್ಚೆ ಶುರುವಾಗಿ, 1968ರ ಕಾಯ್ದೆ ಬಂದು, ಅಂಚೆ ಮಾರಾಟ ನಿಂತಿತು. ಆ ಕಾಲದ ಹೊಸ ಬೇಟೆ ರೈಫಲ್ಲಿನ ಬೆಲೆ ಸರ್ಪ್ಲಸ್ಸಿನ ಎಷ್ಟೋ ಪಟ್ಟು ಇತ್ತು. ಕಾರ್ಖಾನೆಯ ಕೂಲಿಯವನೋ ರೈತನೋ ಯುದ್ಧದ ರೈಫಲ್ ಕೊಂಡು, ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಕೂತು ಮರ ಕೆತ್ತಿ ಹಗುರ ಮಾಡಿಕೊಂಡ. ಬೇರೆ ದಾರಿ ಇರಲಿಲ್ಲ. ನಿಮಗೆ ದಾರಿ ಇದೆ. ವರ್ಷಕ್ಕೆ ಲಕ್ಷ ಡಾಲರ್ ಸಂಬಳ ತಗೊಂಡು, ಎಂಬತ್ತು ಡಾಲರಿನ ಕೀಬೋರ್ಡು ಸರಿಯಿಲ್ಲ ಅಂತ ಇನ್ನೂರರದ್ದು ತರಿಸುವವರು, ಜೀವ ತೆಗೆಯುವ ಸಾಮಾನಿನಲ್ಲಿ ಮಾತ್ರ ಬಡವರಾಗಿಬಿಡುತ್ತೀರಲ್ಲ!

ಇರಲಿ, ದುಡ್ಡಿನ ವಿಷಯ ಬಿಡಿ. ಯಾರಾದರೂ ಪುಕ್ಕಟೆ ಕೊಟ್ಟರೂ ನನ್ನ ಉತ್ತರ ಅದೇ. ಯಾಕೆ ಅನ್ನೋದಕ್ಕೆ ಗುಂಡಿನಿಂದಲೇ ಶುರು ಮಾಡಬೇಕು.

ಸೇನೆಯ ಗುಂಡು ಅಂದರೆ ಸೀಸದ ಸುತ್ತ ಪೂರ್ತಿ ಗಟ್ಟಿ ಲೋಹದ ಅಂಗಿ ತೊಡಿಸಿದ್ದು. ಮೈಗೆ ಹೊಕ್ಕರೂ ಅರಳುವುದಿಲ್ಲ, ಸಣ್ಣ ತೂತು ಮಾಡಿ ಆಚೆ ಹೋಗಿಬಿಡಬಹುದು. ಬೇಟೆಯ ಗುಂಡಿನ ಮೂಗು ಮೆತ್ತಗೆ. ತಾಗಿದ ಕೂಡಲೇ ಅಣಬೆ ಥರ ಅರಳಿ, ಹೃದಯ ಶ್ವಾಸಕೋಶಗಳನ್ನು ಒಂದೇ ಏಟಿಗೆ ನಿಲ್ಲಿಸುತ್ತೆ. ಇದರ ಚರಿತ್ರೆಯಲ್ಲಿ ನಮ್ಮ ದೇಶದ ಹೆಸರೂ ಇದೆ. 1890ರ ದಶಕದಲ್ಲಿ ಬ್ರಿಟಿಷರು ಅರಳುವ ಗುಂಡನ್ನು ಮಾಡಿದ್ದು ಕಲ್ಕತ್ತಾ ಪಕ್ಕದ ಡಮ್‌ಡಮ್ ಕಾರ್ಖಾನೆಯಲ್ಲಿ. ಇಂಗ್ಲಿಷಿನಲ್ಲಿ ಇವತ್ತಿಗೂ ಅಂಥ ಗುಂಡಿಗೆ ಡಮ್‌ಡಮ್ ಅಂತಲೇ ಹೆಸರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಮನುಷ್ಯನಿಗೆ ಅಷ್ಟು ಕ್ರೂರ ಗಾಯ ಬೇಡ, ಅವನನ್ನು ಯುದ್ಧದಿಂದ ಹೊರಗೆ ಹಾಕಿದರೆ ಸಾಕು ಅನ್ನೋದು ಅದರ ಹಿಂದಿನ ತರ್ಕ. ಗಾಯಗೊಂಡ ಸೈನಿಕನನ್ನು ಹೊತ್ತುಕೊಂಡು ಹೋಗಲು ಜನ ಇರುತ್ತಾರೆ, ಡೇರೆ ಆಸ್ಪತ್ರೆ ಇರುತ್ತೆ. ಜಿಂಕೆಗೆ ಇವು ಯಾವುವೂ ಇಲ್ಲ. ಅದಕ್ಕೇ ಬೇಟೆಯ ಕಾನೂನು ತಿರುಗಾಮುರುಗಾ: ಯುದ್ಧದಲ್ಲಿ ನಿಷೇಧವಾದ ಅರಳುವ ಗುಂಡೇ ಇಲ್ಲಿನ ಎಷ್ಟೋ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಕಡ್ಡಾಯ. ಡಬ್ಬಿಯ ಅಗ್ಗದ ತೋಟಾ ಹಾಕಿಕೊಂಡು ಕಾಡಿಗೆ ಹೋದರೆ ಕಾನೂನಿಗೂ ತಪ್ಪು, ಪ್ರಾಣಿಗೂ ಅನ್ಯಾಯ. ಮೋಸಿನ್ನಿಗೆ ಮೆತ್ತನೆ ಮೂಗಿನ ತೋಟಾ ಸಿಗುವುದಿಲ್ಲ ಅಂತಲ್ಲ, ಸಿಗುತ್ತೆ. ಆದರೆ ಸೀಸನ್ನಿನ ಹಿಂದಿನ ದಿನ ಸಣ್ಣ ಊರಿನ ಅಂಗಡಿಗೆ ಹೋಗಿ ನೋಡಿ. ಶೆಲ್ಫಿನ ತುಂಬ .308, .30-06, .243, .30-30. ನಿಮ್ಮದು ಬೇಕಾದರೆ ಆರ್ಡರ್ ಮಾಡಿ ಕಾಯಬೇಕು. ಸಿಕ್ಕಾಗ ಬೆಲೆಯೂ ಬೇರೆಯವರದ್ದಕ್ಕಿಂತ ಕಡಿಮೆ ಏನಿರಲ್ಲ.

ಆಮೇಲೆ ಗುರಿ. ಜಿಂಕೆಯ ಪ್ರಾಣ ಇರುವ ಜಾಗ, ಅಂದರೆ ಹೃದಯ-ಶ್ವಾಸಕೋಶದ ಭಾಗ, ಸುಮಾರು ಎಂಟು ಇಂಚು ಅಗಲ. ಬರ್ತ್‌ಡೇ ಪಾರ್ಟಿಯಲ್ಲಿ ಕೇಕು ಹಾಕಿ ಕೊಡುವ ಪೇಪರ್ ಪ್ಲೇಟಿನಷ್ಟು. ಅದರ ಹೊರಗೆ ಬಿದ್ದದ್ದು ಹೊಟ್ಟೆಗೋ ಕಾಲಿಗೋ ದವಡೆಗೋ ಬಿದ್ದ ಹಾಗೆ. ಈಗ ಮೋಸಿನ್ ನೋಡಿ. ಅದರ ಹಿಂದಿನ ಗುರಿಪಟ್ಟಿಯ ಮೇಲೆ 2000 ಮೀಟರ್‌ವರೆಗೆ ಗುರುತು ಕೊರೆದಿದ್ದಾರೆ. ಎರಡು ಕಿಲೋಮೀಟರ್! ದೂರದಲ್ಲಿ ಗುಂಪಾಗಿ ಬರುವ ಶತ್ರುಸೈನ್ಯದ ಕಡೆಗೆ ಇಡೀ ತುಕಡಿ ಒಟ್ಟಿಗೆ ಗುಂಡಿನ ಮಳೆ ಸುರಿಸೋದಕ್ಕೆ ಮಾಡಿದ ಏರ್ಪಾಡು ಅದು. ಇನ್ನೊಂದು ತಮಾಷೆ: ಸೋವಿಯತ್ ಸೇನೆ ಇದರ ಗುರಿ ಹೊಂದಿಸುತ್ತಿದ್ದುದು ಬಯೊನೆಟ್ ಸಿಕ್ಕಿಸಿಕೊಂಡೇ. ಬಯೊನೆಟ್ ತೆಗೆದರೆ ಗುಂಡು ಬೀಳುವ ಜಾಗ ಬದಲಾಗುತ್ತೆ. ನೀವು ಬಯೊನೆಟ್ ಇಟ್ಟುಕೊಂಡು ಜಿಂಕೆ ಕಾಯೋಕೆ ಹೋಗಲ್ಲ ಅಂದ್ಕೊಳ್ತೀನಿ. ಹಾಗಾಗಿ ಬಹಳ ರೈಫಲ್ಲುಗಳು ನೂರು ಗಜದಲ್ಲಿ ಮೇಲಕ್ಕೆ ಹೊಡೆಯುತ್ತವೆ. ಜನ ಇದಕ್ಕೆ ಕಂಡುಕೊಂಡ ಉಪಾಯ ಏನು ಗೊತ್ತಾ? ಕರೆಂಟ್ ವೈರಿನ ಪ್ಲಾಸ್ಟಿಕ್ ಸಿಪ್ಪೆ ಸುಲಿದು ಮುಂದಿನ ಕಡ್ಡಿಗೆ ತೊಡಿಸಿ ಎತ್ತರ ಮಾಡೋದು. ಮೋಟರ್ ಪಂಪಿಗೆ ನಮ್ಮೂರಲ್ಲಿ ಮಾಡುವ ರಿಪೇರಿ ಥರ. ಪಂಪು ಕೈಕೊಟ್ಟರೆ ಗದ್ದೆಗೆ ಒಂದು ದಿನ ನೀರಿಲ್ಲ, ಅಷ್ಟೇ.

ಟೆಲಿಸ್ಕೋಪ್ ಹಾಕಿಸ್ತೀನಿ ಅಂತಾರೆ. ಬೇಕೇ ಬೇಕು, ಯಾಕಂದ್ರೆ ಜಿಂಕೆ ಓಡಾಡೋದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಆ ಮಬ್ಬಿನಲ್ಲಿ ಕಬ್ಬಿಣದ ಕಡ್ಡಿ ಕಾಣಲ್ಲ, ಕಡ್ಡಿಯ ಆಚೆ ಇರುವುದು ಗಂಡೋ ಹೆಣ್ಣೋ ಪಕ್ಕದ ತೋಟದವನ ನಾಯಿಯೋ ಅನ್ನೋದೂ ಕಾಣಲ್ಲ. ಆದರೆ ಮೋಸಿನ್ನಿನ ಬೋಲ್ಟಿನ ಹಿಡಿ ನೇರ ಕಡ್ಡಿ. ತೆಗೆಯುವಾಗ ಸೀದಾ ಮೇಲಕ್ಕೆ ಬಂದು ಟೆಲಿಸ್ಕೋಪಿಗೆ ಬಡಿಯುತ್ತೆ. ಅದನ್ನು ಕತ್ತರಿಸಿ ಬಾಗಿದ ಹಿಡಿ ಬೆಸುಗೆ ಹಾಕಿಸಬೇಕು, ಮೈಗೆ ತೂತು ಕೊರೆಸಬೇಕು, ಮೌಂಟ್ ಕೂರಿಸಬೇಕು. ಗನ್‌ಸ್ಮಿತ್ ಬಿಲ್ಲು ಬಂದಾಗ ಹೊಸ ರೈಫಲ್ಲಿನ ಬೆಲೆ ದಾಟಿರುತ್ತೆ. ಎಂಬತ್ತು ವರ್ಷ ಬದುಕಿದ್ದ ಒಂದು ಚರಿತ್ರೆಯ ವಸ್ತುವೂ ಹಾಳಾಗಿರುತ್ತೆ.

ಸೇಫ್ಟಿ ಬಗ್ಗೆ ಯಾರೂ ಮಾತೇ ಆಡಲ್ಲ, ಹೊಸಬರಿಗೆ ಅದೇ ಮುಖ್ಯ. ಮಾಮೂಲಿ ಬೇಟೆ ರೈಫಲ್ಲಿನಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಸಣ್ಣ ಗುಂಡಿ ಇರುತ್ತೆ, ಸರಿಸಿದರೆ ಆಯ್ತು. ಮೋಸಿನ್ನಿನಲ್ಲಿ ಬೋಲ್ಟಿನ ಹಿಂದಿನ ಗುಬ್ಬಿಯನ್ನು ಬಲವಾದ ಸ್ಪ್ರಿಂಗಿನ ವಿರುದ್ಧ ಹಿಂದಕ್ಕೆ ಎಳೆದು ಎಡಕ್ಕೆ ತಿರುಗಿಸಬೇಕು. ಮನೆಯೊಳಗೆ ಸೋಫಾದಲ್ಲಿ ಕೂತು ಮಾಡಿ ನೋಡಿ, ಬೆವರು ಬರುತ್ತೆ. ಇನ್ನು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಗ್ಲವ್ಸ್ ಹಾಕಿದ ಕೈಯಲ್ಲಿ, ಹದಿನೈದು ಅಡಿ ಎತ್ತರದ ಮರದ ಅಟ್ಟದ ಮೇಲೆ? ಹೊಸಬ ಏನು ಮಾಡ್ತಾನೆ ಅಂದರೆ ಸೇಫ್ಟಿ ಹಾಕುವುದನ್ನೇ ಬಿಡುತ್ತಾನೆ. ತುಂಬಿದ ರೈಫಲ್ ಹಾಗೇ ತೊಡೆ ಮೇಲೆ. ನಾಲ್ಕು ಅಡಿ ಉದ್ದ, ನಾಲ್ಕು ಕೆಜಿ ಭಾರ, ಹಿಂಬದಿಗೆ ಕಬ್ಬಿಣದ ತಗಡು. ಹೊಡೆದರೆ ಭುಜಕ್ಕೆ ಕೊಡುವ ಗುದ್ದು ಸಣ್ಣದಲ್ಲ. ಎರಡು ದಿನ ರೇಂಜಿನಲ್ಲಿ ಆ ಗುದ್ದು ತಿಂದವನು ಮೂರನೇ ದಿನ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಆ ಅಭ್ಯಾಸ ಒಂದು ಸಲ ಅಂಟಿದರೆ ಬಿಡಿಸೋದು ಕಷ್ಟ.

ತುಕ್ಕಿನ ಕತೆ ಚುಟುಕಾಗಿ ಹೇಳ್ತೀನಿ. ಹಳೇ ಸೋವಿಯತ್ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತೆ. ಹೊಡೆದ ಮೇಲೆ ನಳಿಗೆಯೊಳಗೆ ಉಪ್ಪು ಉಳಿಯುತ್ತೆ, ಅದು ಗಾಳಿಯ ತೇವ ಹೀರುತ್ತೆ. ಅವತ್ತೇ ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ನಳಿಗೆ ಹೋಯ್ತು. ಊರಲ್ಲಿ ಕೇಪಿನ ಕೋವಿ ಇಟ್ಟುಕೊಂಡವರಿಗೆ ಇದು ಹೊಸದಲ್ಲ, ಈಡು ಹೊಡೆದ ರಾತ್ರಿಯೇ ಬಿಸಿನೀರು ಕಾಸುತ್ತಿದ್ದರು. ಭಾನುವಾರ ಬೇಟೆ ಮುಗಿಸಿ ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಓಡುವವರು ಮಾಡ್ತೀರಾ, ನೀವೇ ಹೇಳಿ.

ಮೋಸಿನ್ ಬೇಡ, ಬೇರೆ ಸರ್ಪ್ಲಸ್ ತಗೊಳ್ತೀನಿ ಅನ್ನುವವರೂ ಇದ್ದಾರೆ. ಯಾವುದೇ ಇರಲಿ, ಹಳೇ ಸೇನಾ ರೈಫಲ್ಲಿನಲ್ಲಿ ಒಂದರ ಬೋಲ್ಟ್ ಇನ್ನೊಂದರ ಮೈಗೆ ಬಂದು ಕೂತಿರಬಹುದು. ನಂಬರುಗಳು ಹೊಂದುತ್ತವಾ ನೋಡಬೇಕು, ತೋಟಾ ಕೂರುವ ಜಾಗದ ಅಂತರವನ್ನು ತಿಳಿದವರ ಕೈಯಲ್ಲಿ ಗೇಜು ಹಾಕಿಸಿ ಅಳೆಸಬೇಕು. ಅದು ತಪ್ಪಿದ್ದರೆ ತೋಟಾದ ಹಿತ್ತಾಳೆ ನಿಮ್ಮ ಮುಖದ ಹತ್ತಿರ ಒಡೆಯುತ್ತೆ. ಸ್ಪ್ರಿಂಗ್‌ಫೀಲ್ಡ್ 1903 ಅಮೆರಿಕದ ಹೆಮ್ಮೆಯ ರೈಫಲ್. ಆದರೆ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ಮೊದಲ ಎಂಟು ಲಕ್ಷ ನಂಬರುಗಳವರೆಗಿನವನ್ನು ಹೊಡೆಯಬೇಡಿ ಅಂತ ತಿಳಿದವರು ಹೇಳುತ್ತಾರೆ. ಆಗ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಬರಿಗಣ್ಣಲ್ಲಿ ನೋಡಿ ಹದ ಅಂದಾಜು ಮಾಡುತ್ತಿದ್ದರು, ಹಾಗಾಗಿ ಕೆಲವು ಪೆಡಸಾಗಿ ಒಡೆದವು. ಗ್ಯಾರಂಡ್ ಬೇಕು ಅನ್ನುವವರಿಗೆ: ಸರ್ಕಾರ ಸ್ಥಾಪಿಸಿದ ಸಿಎಂಪಿ ಅದನ್ನು ಮಾರುತ್ತೆ ನಿಜ, ಆದರೆ ಅಮೆರಿಕದ ಪ್ರಜೆಗಳಿಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದರೂ ಆಗಲ್ಲ.

ಒಂದೇ ಒಂದು ಸರ್ಪ್ಲಸ್ಸಿನ ಮುಂದೆ ನನ್ನ ಮನಸ್ಸೂ ಮೆತ್ತಗಾಗುತ್ತೆ, ಸುಳ್ಳು ಯಾಕೆ ಹೇಳಲಿ. ಮಿಲ್ವಾಕಿಯ ಗನ್ ಶೋ ಒಂದರಲ್ಲಿ ಮೇಜಿನ ಮೇಲೆ ಇಷಾಪುರ್ 2ಎ1 ಮಲಗಿತ್ತು. ಪಶ್ಚಿಮ ಬಂಗಾಳದ ಇಷಾಪುರ್ ರೈಫಲ್ ಕಾರ್ಖಾನೆಯಲ್ಲಿ, 1962ರ ಚೀನಾ ಯುದ್ಧದ ನಂತರ ಮಾಡಿದ್ದು. ನಮ್ಮ ಪೊಲೀಸರ ಹೆಗಲ ಮೇಲೆ ನೋಡಿ ಬೆಳೆದ ತ್ರೀ ನಾಟ್ ತ್ರೀಯದೇ ಮೈಕಟ್ಟು, 7.62 ನೇಟೋ ತೋಟಾಕ್ಕೆ ಹೊಂದಿಸಿದ್ದು. ಭಾರತದಲ್ಲಿ ನನ್ನಪ್ಪನಂಥ ರೈತನಿಗೆ ಅಂಥದ್ದನ್ನು ಮುಟ್ಟುವ ಹಕ್ಕೂ ಇಲ್ಲ; .303 ಅಲ್ಲಿ ನಿಷೇಧಿತ ಬೋರ್. ಇರುವ ಒಂಟಿ ನಳಿಗೆಯನ್ನೇ ಪ್ರತಿ ಚುನಾವಣೆಗೂ ಠಾಣೆಗೆ ಹೊತ್ತುಕೊಂಡು ಹೋಗಿ ಜಮಾ ಮಾಡಿ, ಮುಗಿದ ಮೇಲೆ ಮತ್ತೆ ಅಲೆದು ಬಿಡಿಸಿಕೊಂಡು ಬರಬೇಕು. ಅಷ್ಟರಲ್ಲಿ ಹಂದಿಗಳು ಗದ್ದೆ ಮುಗಿಸಿರುತ್ತವೆ. ಇಲ್ಲಿ ಅದೇ ದೇಶದ ಸರ್ಕಾರಿ ರೈಫಲ್ ಯಾರೋ ಗಿರಾಕಿಗಾಗಿ ಕಾಯುತ್ತಾ ಇದೆ. ಕೈಗೆ ತಗೊಂಡೆ, ಬೋಲ್ಟ್ ಎಳೆದೆ, ಬೆಣ್ಣೆಯ ಹಾಗೆ ಜಾರಿತು. ವಾಪಸ್ ಇಟ್ಟೆ. ಊರಿನ ನೆನಪು ಬೇರೆ, ನಾಳೆ ಬೆಳಿಗ್ಗೆ ಒಂದು ಪ್ರಾಣಿಯ ಕಡೆಗೆ ಯಾವುದನ್ನು ಎತ್ತಬೇಕು ಅನ್ನೋದು ಬೇರೆ.

ಎದುರು ಪಕ್ಷದವರ ಹತ್ತಿರ ಒಂದು ಒಳ್ಳೇ ವಾದ ಇದೆ. ಕೆನಡಾದ ರೇಂಜರ್‌ಗಳು. ಉತ್ತರ ಧ್ರುವದ ಹಿಮದಲ್ಲಿ ಗಸ್ತು ತಿರುಗುವ ಈ ಜನ 1947ರಿಂದ ಏಳು ದಶಕ ಲೀ-ಎನ್‌ಫೀಲ್ಡನ್ನೇ ನೆಚ್ಚಿಕೊಂಡಿದ್ದರು, ಹಿಮಕರಡಿ ಎದುರಾಗುವ ಜಾಗದಲ್ಲಿ. ಹಾಗಾದರೆ ಹಳೇ ಸೇನಾ ರೈಫಲ್ ಕೆಲಸಕ್ಕೆ ಬಾರದ್ದಲ್ಲ ಅಂತಾಯ್ತಲ್ಲ? ಖಂಡಿತ. ನಾನು ಅದನ್ನು ಕೆಟ್ಟ ರೈಫಲ್ ಅಂತ ಎಲ್ಲೂ ಹೇಳಿಲ್ಲ. ಅವರಿಗೆ ಬಂದೂಕು, ತೋಟಾ, ರಿಪೇರಿ ಎಲ್ಲ ಸರ್ಕಾರದ್ದು. ಬಹಳ ಜನ ಹುಟ್ಟಿದಂದಿನಿಂದ ಬೇಟೆಯಲ್ಲೇ ಬೆಳೆದವರು. ಆ ಕೈಗಳಿಗೆ ಏನು ಕೊಟ್ಟರೂ ನಡೆಯುತ್ತೆ. ಕೊನೆಗೆ ಬಿಡಿಭಾಗ ಸಿಗುವುದು ಕಷ್ಟವಾದಾಗ ಅವರೂ ಅದನ್ನು ಬಿಟ್ಟು, ಫಿನ್‌ಲೆಂಡಿನ ಟಿಕ್ಕಾ ಬೇಟೆ ರೈಫಲ್ಲಿನ ಮೇಲೆ ಕಟ್ಟಿದ ಹೊಸದನ್ನು ಹಿಡಿದರು. ಇದನ್ನು ಮಾತ್ರ ವೀಡಿಯೋದವನು ಹೇಳಲ್ಲ.

ನನಗೆ ಸಿಟ್ಟು ಬರೋದು ಯಾಕೆ ಅಂತಲೂ ಹೇಳಿಬಿಡ್ತೀನಿ. ನಮ್ಮಜ್ಜ ಹಳು ನುಗ್ಗಿಸಿ ಹಂದಿ ಬೇಟೆಗೆ ಹೋಗುತ್ತಿದ್ದ ಕಾಲದವರು, 1972ರ ವನ್ಯಜೀವಿ ಕಾಯ್ದೆಗಿಂತ ಮುಂಚಿನ ಮಾತು. ಆ ಕಾಯ್ದೆ ಬಂದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಅವರ ಕತೆಗಳಲ್ಲಿ ಹೊಡೆದ ಹಂದಿಗಿಂತ ಹೆಚ್ಚಾಗಿ ಬರುತ್ತಿದ್ದುದು ಏಟು ತಿಂದು ಹೋದ ಹಂದಿ. ಅದನ್ನು ಎರಡು ದಿನ ಹುಡುಕಿದ್ದು, ಯಾರದೋ ತೋಟದ ಬೇಲಿಯಲ್ಲಿ ಸಿಕ್ಕಿದ್ದು, ಒಂದು ಸಲ ಸಿಗದೇ ಹೋದದ್ದು. ಸಿಗದೇ ಹೋದದ್ದನ್ನು ಹೇಳುವಾಗ ಅಜ್ಜ ದನಿ ತಗ್ಗಿಸುತ್ತಿದ್ದರು. ಇಲ್ಲಿ ಬೇಟೆ ಪಾಠದ ಕ್ಲಾಸಿನಲ್ಲೂ ಅದನ್ನೇ ಕಲಿಸುತ್ತಾರೆ: ಹೊಡೆದ ಮೇಲೆ ಅರ್ಧ ಗಂಟೆ ಸುಮ್ಮನೆ ಕಾಯಿ, ಆಮೇಲೆ ರಕ್ತದ ಹನಿ ಹಿಡಿದು ಹೋಗು, ಸಿಗುವವರೆಗೆ ಹುಡುಕು. ನಾನು ಒಂದು ನವೆಂಬರಿನಲ್ಲಿ ಪಕ್ಕದ ಅಟ್ಟದವನ ಜಿಂಕೆ ಹುಡುಕೋಕೆ ಜೊತೆಗೆ ಹೋಗಿದ್ದೆ. ಎಲೆಯ ಮೇಲೆ ಹಸಿರು ಬೆರೆತ ಕಂದು ಕಲೆ. ಹೊಟ್ಟೆಗೆ ಬಿದ್ದಿದೆ ಅಂತ ಅರ್ಥ. ಟಾರ್ಚ್ ಹಿಡಿದು ರಾತ್ರಿ ಹನ್ನೊಂದರವರೆಗೆ ಅಲೆದೆವು, ಮರುದಿನ ಮತ್ತೆ ಹೋದೆವು. ಜೌಗಿನ ಹತ್ತಿರ ಸಿಕ್ಕಿತು. ಅಷ್ಟರಲ್ಲಿ ಕಾಡುನಾಯಿಗಳು ಅದನ್ನು ಮುಟ್ಟಿದ್ದವು. ಆ ಮನುಷ್ಯನ ಕೈಯಲ್ಲಿ ಇದ್ದದ್ದು ಯಾವ ರೈಫಲ್ ಅಂತ ಹೇಳಿದರೆ ನನ್ನ ವಾದಕ್ಕೆ ಅನುಕೂಲವಾಗುತ್ತಿತ್ತು. ಅದು ಮೋಸಿನ್ ಅಲ್ಲ, ಒಳ್ಳೇ ರೈಫಲ್ಲೇ. ಒಳ್ಳೇ ರೈಫಲ್ ಹಿಡಿದ, ಇಪ್ಪತ್ತು ವರ್ಷ ಅನುಭವ ಇರುವವನಿಗೇ ಹೀಗಾಗುತ್ತೆ ಅಂದಮೇಲೆ, ಗುರಿ ಎತ್ತರಕ್ಕೆ ಹೊಡೆಯುವ, ಟ್ರಿಗರ್ ಮರಳು ತುಂಬಿದ ಹಾಗೆ ಕರಕರ ಅನ್ನುವ, ಮಬ್ಬಿನಲ್ಲಿ ಕಡ್ಡಿ ಕಾಣದ ರೈಫಲ್ ಹಿಡಿದ ಹೊಸಬನಿಗೆ?

ನೀವು ಅಂಗಡಿಯಲ್ಲಿ ಉಳಿಸಿದ ನೂರು ಡಾಲರ್ ಎಲ್ಲೂ ಹೋಗಲ್ಲ, ಅದನ್ನು ಆ ಜಿಂಕೆಯ ಹತ್ತಿರ ವಸೂಲು ಮಾಡ್ತೀರಿ.

"ಕಬ್ಬಿಣದ ಗುರಿಯಲ್ಲಿ ಕಲಿತರೆ ಒಳ್ಳೇ ಗುರಿಕಾರ ಆಗ್ತೀನಿ" ಅನ್ನೋದೂ ಒಂದಿದೆ. ಕಲೀರಿ. ಕಾಗದದ ಮೇಲೆ ಕಲೀರಿ. .22 ಒಂದು ತಗೊಂಡು ಸಾವಿರ ಸುತ್ತು ಹೊಡೆಯಿರಿ, ಗುದ್ದೂ ಇಲ್ಲ, ಖರ್ಚೂ ಕಡಿಮೆ. ಜೀವ ಇರುವುದರ ಮೇಲೆ ಪಾಠ ಕಲಿಯಬೇಡಿ.

ಹಾಗಾದರೆ ಏನು ತಗೋಬೇಕು? ಹಳೇದೇ ಬೇಕು ಅನ್ನುವವರ ಆಸೆ ನನಗೆ ಅರ್ಥವಾಗುತ್ತೆ. ತಗೊಳ್ಳಿ, ಆದರೆ ಹಳೇ ಬೇಟೆ ರೈಫಲ್ ತಗೊಳ್ಳಿ, ಸೇನೆಯದ್ದಲ್ಲ. ಸಣ್ಣ ಊರಿನ ಗನ್ ಅಂಗಡಿಯ ಹಿಂದಿನ ರ‍್ಯಾಕಿನಲ್ಲಿ ಯಾರೋ ತೀರಿಕೊಂಡ ಮುದುಕರ ರೆಮಿಂಗ್ಟನ್ 700, ಸಾವೇಜ್ 110 ಸಾಲಾಗಿ ನಿಂತಿರುತ್ತವೆ. ಮರ ಸವೆದಿರುತ್ತೆ, ಒಳಗೆ ನಳಿಗೆ ಕನ್ನಡಿ. ವರ್ಷಕ್ಕೆ ನಾಲ್ಕು ಗುಂಡು ಹೊಡೆದಿರುತ್ತಾರೆ ಅಷ್ಟೇ, ಎರಡು ಗುರಿ ನೋಡೋಕೆ ಎರಡು ಜಿಂಕೆಗೆ. ನನ್ನದೂ ಅಂಥದ್ದೇ, ಟೆಲಿಸ್ಕೋಪ್ ಸಮೇತ ಐನೂರರ ಆಸುಪಾಸು, .243. ಗುದ್ದು ಕಡಿಮೆ, ಜಿಂಕೆಗೆ ಸಾಕು. 7ಎಂಎಂ-08 ಆದರೂ ಸರಿ, .308 ಆದರೂ ಸರಿ. ಇಂಥ ಪ್ರತಿ ಹೊಸ ರೈಫಲ್, ಪ್ರತಿ ಪೆಟ್ಟಿಗೆ ತೋಟಾದ ಮೇಲೆ ತಯಾರಕರು ಕಟ್ಟುವ 11 ಪರ್ಸೆಂಟ್ ತೆರಿಗೆ 1937ರ ಕಾಯ್ದೆಯ ಪ್ರಕಾರ ಇಲ್ಲಿನ ಕಾಡು-ಪ್ರಾಣಿಗಳ ಸಂರಕ್ಷಣೆಗೇ ಹೋಗುತ್ತೆ, ಇದು ಸುಮ್ಮನೆ ಗೊತ್ತಿರಲಿ ಅಂತ ಹೇಳಿದೆ.

ನಿಮ್ಮ ರಾಜ್ಯದ ನಿಯಮ ಮೊದಲು ಓದಿ. ಒಹಾಯೋದ ಕೊಲಂಬಸ್‌ನಲ್ಲಿರುವ ಗೆಳೆಯನೊಬ್ಬ ಹೋದ ವರ್ಷ ಮೋಸಿನ್ನಿಗೆ ಅಡ್ವಾನ್ಸ್ ಕೊಡೋಕೆ ಹೊರಟಿದ್ದ. ಅಲ್ಲಿ ಜಿಂಕೆ ಬೇಟೆಗೆ ಶಾಟ್‌ಗನ್ ಅಥವಾ ನೇರ ಗೋಡೆಯ ತೋಟಾ ಹಾಕುವ ರೈಫಲ್ ಮಾತ್ರ. ಮೋಸಿನ್, ಮೌಸರ್, ಎನ್‌ಫೀಲ್ಡ್ ಥರ ಬಾಟಲಿ ಕುತ್ತಿಗೆಯ ತೋಟಾಗಳಿಗೆ ಅವಕಾಶವೇ ಇಲ್ಲ. ನನ್ನ .243 ಕೂಡ ಅಲ್ಲಿ ನಡೆಯಲ್ಲ. ಎಂಟು ತಿಂಗಳು ವೀಡಿಯೋ ನೋಡಿದ್ದ ಪುಣ್ಯಾತ್ಮ, ನಿಯಮದ ಪುಸ್ತಕದ ಆ ಒಂದು ಪುಟ ನೋಡಿರಲಿಲ್ಲ.

ಆಗಲೇ ಮೋಸಿನ್ ತಗೊಂಡಿದ್ದರೆ ಮಾರಬೇಡಿ, ಕತ್ತರಿಸಲೂ ಬೇಡಿ. ತಿಂಗಳಿಗೊಂದು ಸಲ ರೇಂಜಿಗೆ ಒಯ್ಯಿರಿ, ಹೊಡೆಯಿರಿ, ಅವತ್ತೇ ಬಿಸಿನೀರು ಹಾಕಿ ತೊಳೆಯಿರಿ. ಬೇಟೆಗೆ ಬೇರೆ ಕೊಳ್ಳಿ, ಮತ್ತು ಅಕ್ಟೋಬರ್ ಒಳಗೆ ಕೊಳ್ಳಿ. ವಿಸ್ಕಾನ್ಸಿನ್‌ನಲ್ಲಿ ಸೀಸನ್ ಶುರುವಾಗೋದು ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ. ಅಷ್ಟರೊಳಗೆ ಒಂದು ಪ್ಯಾಕೆಟ್ ಪೇಪರ್ ಪ್ಲೇಟ್ ತಂದು, ನೂರು ಗಜದಲ್ಲಿ ಒಂದೊಂದನ್ನೇ ನಿಲ್ಲಿಸಿ, ಮೇಜಿನ ಆಸರೆ ಇಲ್ಲದೆ ಕೂತು ಹೊಡೆಯಿರಿ. ಐದಕ್ಕೆ ಐದೂ ಪ್ಲೇಟಿನೊಳಗೆ ಬಿದ್ದ ದಿನ ನನಗೆ ಫೋಟೊ ಕಳಿಸಿ. ನಾಲ್ಕು ಬಿದ್ದರೆ ಐವತ್ತು ಗಜಕ್ಕೆ ಇಳಿಸಿ ಮತ್ತೆ ಶುರು ಮಾಡಿ.